ದೀಪವಿಲ್ಲದ ಸೈಕಲ್ಲು

ಗೋಡೆಗೆ ತಾಗಿದ ಕುರ್ಚಿಯಲ್ಲಿ ಕೂತರೆ ಮೊಣಕೈ ಮಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಯೋಚಿಸಿ ಅವನು ಅದರಲ್ಲಿ ಕೂತ. ಅದು ಅಳಿಯನ ಕುರ್ಚಿ. ಹೆಂಡತಿ ತೀರಿಕೊಂಡು ಮಗಳ ಮನೆಗೆ ಬಂದ ಮೇಲೆ ಅವನು ಒಂದು ದಿನವೂ ಅದರಲ್ಲಿ ಕೂತವನಲ್ಲ. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಮಗಳ ಮನೆಯಲ್ಲಿ ಇರುವವನಿಗೆ ಬಚ್ಚಲಲ್ಲಿ ಯಾವ ಟವೆಲು ಯಾರದು, ಮೇಜಿನ ಸುತ್ತ ಯಾವ ಜಾಗ ಯಾರದು ಎಂಬುದು ಹೇಳದೆಯೇ ತಿಳಿಯುತ್ತದೆ. ಮಗಳು ಚಹಾ ತಂದಿಟ್ಟು, ಇವತ್ತೇನು ಇಲ್ಲಿ ಕೂತೆ ಎಂದು ಕೇಳಿದಳು. ಗಾಳಿ ಚೆನ್ನಾಗಿ ಬರುತ್ತೆ ಎಂದ. ಆ ಕಡೆ ಕಿಟಕಿಯೇ ಇರಲಿಲ್ಲ. ಅವಳು ಒಂದು ಗಳಿಗೆ ಗೋಡೆಯನ್ನು ನೋಡಿ, ಅಪ್ಪನ ಮುಖ ನೋಡಿ, ಒಲೆಯ ಮೇಲೆ ಹಾಲು ಉಕ್ಕಿದ ಸದ್ದಿಗೆ ಒಳಗೆ ಓಡಿದಳು. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದ. ಒಳಗೆ ಚರ್ಮ ಸುಲಿದ ಜಾಗಕ್ಕೆ ಬಟ್ಟೆ ಅಂಟಿಕೊಂಡು, ಲೋಟ ಎತ್ತಿದಾಗೆಲ್ಲ ಯಾರೋ ಒಳಗಿಂದ ಚಿವುಟಿದ ಹಾಗಾಗುತ್ತಿತ್ತು. ನೋವು ಅಂಥದ್ದೇನಲ್ಲ. ಬಿದ್ದದ್ದು ಬಿದ್ದಾಯಿತು. ಬಿದ್ದ ಮೇಲೆ ತಾನು ಯಾಕೆ ಉಸಿರು ಬಿಗಿಹಿಡಿದು ಸುಮ್ಮನೆ ಮಲಗಿದ್ದೆ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ.

ಬೆಳಕು ಹರಿಯುವ ಮೊದಲು ಪಾರ್ಕಿನ ಗೇಟು ತೆಗೆಯುವ ಕೆಲಸ ಅವನದು. ನಡೆಯಲು ಬರುವವರು ಕತ್ತಲೆಯಲ್ಲೇ ಬಂದು ಕಂಬಿಗಳನ್ನು ಹಿಡಿದುಕೊಂಡು, ಜೈಲಿನವರು ಹೊರಗೆ ಬಿಡಿ ಎಂದು ನಿಲ್ಲುವ ಹಾಗೆ, ಒಳಗೆ ಬಿಡಿ ಎಂದು ನಿಂತಿರುತ್ತಾರೆ. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುತ್ತಾನೆ. ದೀಪ ಹಾಕುವುದಿಲ್ಲ. ಇಲ್ಲವೆಂದಲ್ಲ, ಮುಂದಕ್ಕೆ ಬಿಳಿಯದೊಂದು, ಹಿಂದಕ್ಕೆ ಕೆಂಪಿನದೊಂದು ಮಗಳು ತಂದುಕೊಟ್ಟದ್ದು ಅವನ ಬಟ್ಟೆಗಳ ಅಡಿಯಲ್ಲಿ ಪೆಟ್ಟಿಗೆಯ ಸಮೇತ ಹಾಗೇ ಇವೆ. ಅವನ ಮಟ್ಟಿಗೆ ದೀಪವೆಂದರೆ ಕಣ್ಣು ಕಟ್ಟುವ ವಸ್ತು. ಅದು ಬಿದ್ದಷ್ಟು ಜಾಗ ಕಾಣುತ್ತದೆ, ಉಳಿದ ಲೋಕ ಅಳಿಸಿಹೋಗುತ್ತದೆ. ಕಣ್ಣನ್ನು ಕತ್ತಲೆಗೆ ಬಿಟ್ಟುಕೊಟ್ಟು ಸ್ವಲ್ಪ ತಾಳಿದರೆ ರಸ್ತೆಯ ಬೂದು, ಅದರ ಅಂಚು, ಮಲಗಿದ ನಾಯಿ, ಗುಂಡಿ ಎಲ್ಲ ಒಂದೊಂದಾಗಿ ತಾವೇ ಬಂದು ನಿಲ್ಲುತ್ತವೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುವ ಕತ್ತಲೆ ಕೋಣೆಯಲ್ಲಿ ಅವನ ಪ್ರಾಯವೆಲ್ಲ ಹೋಗಿತ್ತು. ಮೂಲೆಯಲ್ಲಿ ಮಂಕಾದ ಒಂದು ಕೆಂಪು ದೀಪ, ಸುತ್ತ ಹುಳಿ ವಾಸನೆಯ ತೊಟ್ಟಿಗಳು. ನೀರಿನೊಳಗಿಂದ ಯಾರದೋ ಪಕ್ಕೆಲುಬು, ಯಾರದೋ ಬೆನ್ನುಮೂಳೆ ಮೆಲ್ಲಗೆ ಬೆಳ್ಳಗಾಗಿ ಮೇಲೆ ಬರುವುದನ್ನು ಅವನಷ್ಟು ಬೇಗ ಕಂಡವರಿಲ್ಲ ಎಂದು ಜೊತೆಯವರೆಲ್ಲ ಅವನನ್ನು ಗೂಬೆ ಎಂದು ಕರೆಯುತ್ತಿದ್ದರು. ಗೂಬೆ ಎಂದರೆ ಬೈಗುಳ. ಅವನಿಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು. ದೀಪದ ಜೊತೆಗೆ ಮಗಳು ಮಿಂಚುವ ಪಟ್ಟಿಗಳ ಒಂದು ಜಾಕೀಟನ್ನೂ ತಂದಿದ್ದಳು. ಅದನ್ನು ಹಾಕಿಕೊಂಡ ಮೊದಲನೆಯ ದಿನವೇ ಒಬ್ಬಳು ಹೆಂಗಸು ಅವನನ್ನು ತಡೆದು, ಇವತ್ತು ನೀರು ಬಿಡ್ತೀರೋ ಇಲ್ವೋ ಎಂದು ಜಗಳಕ್ಕೆ ನಿಂತಳು. ಮುಂದೆ ಇನ್ನೊಬ್ಬ ಕಟ್ಟಿಕೊಂಡ ಚರಂಡಿ ತೋರಿಸಿದ. ಪಾರ್ಕಿನಲ್ಲಿ ದಿನಾ ಮುಖ ನೋಡುವ ರಿಟೈರ್ಡ್ ಮೇಷ್ಟರು ಕೂಡ, ಈ ರಸ್ತೆ ಅಗೆಯೋದು ಯಾವಾಗಪ್ಪ ಮುಗಿಸ್ತೀರಿ ಎಂದು ಕೇಳಿದರು. ಅಂದಿನಿಂದ ಮನೆಯ ತಿರುವು ದಾಟುವವರೆಗೆ ಹಾಕಿಕೊಂಡು ಹೋಗಿ, ಆಮೇಲೆ ತೆಗೆದು ಮಡಚಿ ಕ್ಯಾರಿಯರಿಗೆ ಸಿಕ್ಕಿಸುತ್ತಿದ್ದ. ಮರಳಿ ಬರುವಾಗ ಅದೇ ತಿರುವಿನಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದ, ಆಗ ಬೆಳಕಾಗಿರುತ್ತಿತ್ತು.

ಇವತ್ತು ಗೋದಾಮಿನ ಉದ್ದ ಗೋಡೆಯ ಪಕ್ಕದಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಒಂದು ಗಾಡಿ ಬಂತು. ಅದರ ಬೆಳಕು ಅವನ ಚಕ್ರದ ಪಕ್ಕದಲ್ಲೇ ರಸ್ತೆಯ ನಡುವೆ ಹರಿದು ಮುಂದೆ ಹೋಯಿತು. ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಎರಡೂ ನನಗೆ ಕಾಣುತ್ತಿವೆ, ಅಷ್ಟು ದೊಡ್ಡ ದೀಪಗಳಿರುವ ಅವಕ್ಕೆ ನಾನು ಕಾಣದೆ ಇರುತ್ತೇನೆಯೇ ಎಂದುಕೊಂಡದ್ದು ಅವನಿಗೆ ಸರಿಯಾಗಿ ನೆನಪಿದೆ. ಅಥವಾ ಹಾಗೆ ಅಂದುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲವೋ ಏನೋ, ದಿನವೂ ಅಂದುಕೊಂಡು ಅದು ಉಸಿರಾಟದ ಹಾಗೆ ಆಗಿಹೋಗಿತ್ತು. ಹ್ಯಾಂಡಲ್ಲಿಗೆ ಏನೋ ಬಡಿಯಿತು. ಆಮೇಲೆ ಅವನು ಚರಂಡಿಯ ಹುಲ್ಲಿನಲ್ಲಿದ್ದ, ಸೈಕಲ್ಲು ಅವನ ಮೇಲಿತ್ತು, ಚಕ್ರ ಇನ್ನೂ ತಿರುಗುತ್ತಿತ್ತು. ಮುಂದೆಲ್ಲೋ ಗಾಡಿ ನಿಂತಿತು, ಹಿಂಬದಿಯ ಕೆಂಪು ದೀಪಗಳು ಹೊತ್ತಿದವು. ಬಾಗಿಲು ತೆಗೆದ ಸದ್ದು. ಯಾರಾದ್ರೂ ಇದ್ದೀರಾ ಎಂದು ಒಬ್ಬ ಕೂಗಿದ. ಸ್ವಲ್ಪ ತಡೆದು ಇನ್ನೊಮ್ಮೆ ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಆ ದನಿ ಯಾರ ದನಿಯೂ ಆಗಬಹುದಿತ್ತು. ಅವನಿಗೆ ಬಾಯಿ ಇತ್ತು, ಉಸಿರಿತ್ತು, ಆದರೂ ಉತ್ತರ ಕೊಡಲಿಲ್ಲ. ಆ ಕ್ಷಣದಲ್ಲಿ ಕಣ್ಣ ಮುಂದೆ ಬಂದದ್ದು ಹಳೆಯ ಆಸ್ಪತ್ರೆಯ ಬಾಗಿಲು, ಅಲ್ಲಿ ಇನ್ನೂ ಇರುವ ಒಬ್ಬಿಬ್ಬರು ಪರಿಚಯದವರು, ಗೂಬೆಗೆ ಕಣ್ಣು ಕಾಣಲಿಲ್ವಂತೆ ಎಂಬ ಮಾತು, ಓಡಿಬಂದ ಮಗಳು ಕ್ಯಾರಿಯರಿನಲ್ಲಿ ಮಡಚಿಟ್ಟ ಜಾಕೀಟನ್ನು ಬಿಡಿಸಿ ನೋಡುತ್ತಿರುವುದು. ಕೆಂಪು ದೀಪಗಳು ಹೋದವು. ಅವನು ಎದ್ದು, ಡೊಂಕಾದ ಹ್ಯಾಂಡಲ್ಲನ್ನು ಹಿಡಿದು ತಳ್ಳಿಕೊಂಡು ಹೋಗಿ ಗೇಟು ತೆಗೆದ. ತಡವಾಯಿತಲ್ಲ ಎಂದು ನಡೆಯುವವರು ಗೊಣಗಿದರು. ಮೇಷ್ಟರು, ನಿದ್ದೆ ಬಂತೇನಪ್ಪ ಎಂದರು. ಹೌದು ಸಾರ್ ಎಂದ.

ಅಳಿಯ ಬೇಕರಿಯ ವ್ಯಾನು ಓಡಿಸುವವನು. ಬೆಳಗಿನ ಜಾವ ಅಂಗಡಿಗಳಿಗೆಲ್ಲ ಬ್ರೆಡ್ಡು ಹಾಕಿ, ಸುತ್ತು ಮುಗಿಸಿ ಮನೆಗೆ ಬಂದು ಚಹಾ ಕುಡಿದು ಮಲಗುತ್ತಾನೆ. ಇವತ್ತು ಬಂದವನು ತನ್ನ ಕುರ್ಚಿಯಲ್ಲಿ ಮಾವ ಕೂತಿದ್ದನ್ನೂ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಆ ಬಾಗಿಲು ಯಾವತ್ತೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೇಳಬಾರದು ಎಂದುಕೊಳ್ಳುತ್ತಲೇ ಅವನು ಚಹಾ ಹೀರುವುದನ್ನು ನಿಲ್ಲಿಸಿದ. ಯಾರಿಗೋ ತಾಗಿಸಿದ್ದೇನೆ ಎಂದು ಅಳಿಯ ಹೇಳುತ್ತಿದ್ದ. ಸೇತುವೆ ದಾಟಿದ ಮೇಲೆ. ಎದುರಿನ ಲಾರಿ ದೊಡ್ಡ ದೀಪ ಹಾಕಿಕೊಂಡು ಬಂತು, ಕಣ್ಣು ಬಿಡೋಕಾಗಲಿಲ್ಲ, ಆಗ ಪಕ್ಕದಲ್ಲಿ ಟಕ್ ಅಂತು, ಕನ್ನಡಿ ಒಳಕ್ಕೆ ಮಡಚಿಕೊಂಡಿತು. ಕಂಬವಲ್ಲ, ಕಂಬ ಆಗಿದ್ದರೆ ಕನ್ನಡಿ ಪುಡಿಯಾಗುತ್ತಿತ್ತು. ಮೆತ್ತಗಿತ್ತು. ಮಗಳು ಏನೋ ಕೇಳಿದಳು. ಆಮೇಲೆ ಅಳಿಯನ ದನಿ, ಅವನು ಹಿಂದೆಂದೂ ಕೇಳಿರದಷ್ಟು ಸಣ್ಣಗೆ:

"ನಿಲ್ಲಿಸಲಿಲ್ಲ ಕಣೇ. ಕಾಲು ಬ್ರೇಕಿನ ಮೇಲೇ ಇತ್ತು. ಆದ್ರೂ ನಿಲ್ಲಿಸಲಿಲ್ಲ."

ಅವನು ಲೋಟವನ್ನು ಮೇಜಿನ ಮೇಲಿಟ್ಟ. ಮೊದಲು ಅವನಿಗೆ ಆದದ್ದು, ಹೇಳಲು ನಾಚಿಕೆಯಾಗುವಂಥ ಒಂದು ಹಗುರ. ಯಾರೂ ಸತ್ತಿಲ್ಲ, ನಾನು ಇಲ್ಲಿ ಚಹಾ ಕುಡಿಯುತ್ತಿದ್ದೇನೆ. ಎದ್ದು ಬಾಗಿಲು ತಳ್ಳಿ ತೋಳು ಮೇಲೆತ್ತಿ ತೋರಿಸಿದರೆ ಮುಗಿಯಿತು. ಎದ್ದವನು ಮತ್ತೆ ಕೂತ. ಸೇತುವೆ ದಾಟಿದ ಮೇಲೆ ಎಂದಲ್ಲವೇ ಅಳಿಯ ಹೇಳಿದ್ದು. ತಾನು ಬಿದ್ದದ್ದು ಸೇತುವೆಯ ಈಚೆ, ಗೋದಾಮಿನ ಗೋಡೆಯ ಬಳಿ. ತನ್ನನ್ನು ಕೆಡವಿದವನು ಗಾಡಿ ನಿಲ್ಲಿಸಿದ್ದ, ಇಳಿದಿದ್ದ, ಎರಡು ಸಲ ಕೂಗಿದ್ದ. ಅಳಿಯ ನಿಲ್ಲಿಸಲಿಲ್ಲ ಎನ್ನುತ್ತಾನೆ. ನಿಲ್ಲಿಸದವನು ನಿಲ್ಲಿಸಿದೆ ಎಂದು ಸುಳ್ಳು ಹೇಳಬಹುದು. ನಿಲ್ಲಿಸಿದವನು ಹೆಂಡತಿಯ ಮುಂದೆ ನಿಲ್ಲಿಸಲಿಲ್ಲ ಎಂದು ಯಾಕೆ ಹೇಳುತ್ತಾನೆ? ಹಾಗಾದರೆ ಸೇತುವೆಯ ಆಚೆ ಹುಲ್ಲಿನಲ್ಲಿ ಇನ್ನೊಬ್ಬ ಬಿದ್ದಿದ್ದಾನೆ. ಅಥವಾ ಆ ಕೂಗು ತನ್ನ ತಲೆಯೊಳಗಿನದು. ಬಿದ್ದ ತಲೆಯಲ್ಲಿ ಏನೇನೋ ಕೇಳಿಸುತ್ತದೆ. ಕತ್ತಲೆ ಕೋಣೆ ಬಿಟ್ಟು ಎಷ್ಟೋ ಕಾಲ ಆದ ಮೇಲೂ ಅವನಿಗೆ ಒಮ್ಮೊಮ್ಮೆ ಅಲ್ಲಿನ ದನಿಗಳು ಕೇಳಿಸುವುದುಂಟು. ಅಲ್ಲಿ ಮೂವರು ಕೆಲಸ ಮಾಡುತ್ತಿದ್ದರು, ಕೈಯಲ್ಲಿ ನೀರು ತೊಟ್ಟಿಕ್ಕುವ ಫಿಲ್ಮು, ನಡುವೆ ಓಡಾಡಲು ಒಂದು ಸಣ್ಣ ಓಣಿಯಷ್ಟು ಜಾಗ. ಹೆಜ್ಜೆ ಕಿತ್ತವನು ಬಂದೆ ಎನ್ನಬೇಕು. ನಿಂತವನು ಇದ್ದೀನಿ ಎನ್ನಬೇಕು. ಬಂದೆ, ಇದ್ದೀನಿ, ಬಂದೆ, ಇದ್ದೀನಿ. ಹೊರಗೆ ಬೆಂಚಿನ ಮೇಲೆ ಕಾಯುವ ರೋಗಿಗಳಿಗೆ ಒಳಗೆ ಯಾರೋ ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಅವನು ಬಾಯಿ ಬಿಡದೆ ನಿಂತಿದ್ದಾಗ, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದ ಹಿರಿಯ ಬಂದು ಢಿಕ್ಕಿ ಹೊಡೆದ. ಬೈಯಲಿಲ್ಲ. "ಕಾಣಿಸ್ತೀಯ ಅಂತ ಯಾರು ಹೇಳಿದ್ರು ನಿನಗೆ? ಬಾಯಿ ಬಿಡು ಮಾರಾಯ, ಪಾಪ ಈ ರೋಗಿಯ ಪಕ್ಕೆಲುಬು ಬಿದ್ದಾಗ ಮುರಿದಿರಲಿಲ್ಲ, ಈಗ ನಿನ್ನ ದೆಸೆಯಿಂದ ಮುರೀತು" ಎಂದು ಮಡಿಕೆ ಬಿದ್ದ ಒದ್ದೆ ಫಿಲ್ಮನ್ನು ಎತ್ತಿ ತೋರಿಸಿದ. ಆಮೇಲೆ ಕೆಲಸ ಬಿಡುವವರೆಗೂ ಅವನು ಒಂದು ಸಲವೂ ಬಾಯಿ ಬಿಡದೆ ನಿಂತವನಲ್ಲ. ಅಂಥವನು ಇವತ್ತು ಬಯಲಿನಲ್ಲಿ, ಇದ್ದೀರಾ ಎಂದು ಕೇಳಿದವನಿಗೆ, ಇದ್ದೀನಿ ಎನ್ನಲಿಲ್ಲ.

ಅಳಿಯ ಮಲಗಲಿಲ್ಲ. ಸ್ನಾನ ಮಾಡಿದ, ಒಗೆದ ಅಂಗಿ ಹಾಕಿದ, ಅದನ್ನು ಬಿಚ್ಚಿ ಇನ್ನೊಂದು ಹಾಕಿದ. ಮಗಳು ಬಂದು ಅಪ್ಪನ ಎದುರಿಗೆ ಕೂತು, ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತುತ್ತ ಎಲ್ಲವನ್ನೂ ಹೇಳಿದಳು. ಅವನು ಹೊಸದಾಗಿ ಕೇಳುವವನ ಮುಖ ಮಾಡಿಕೊಂಡು ಕೇಳಿದ. ಅದು ಕಷ್ಟದ ಕೆಲಸ. ಎಲ್ಲೆಲ್ಲಿ ಅಯ್ಯೋ ಎನ್ನಬೇಕು ಎಂದು ಮೊದಲೇ ಗೊತ್ತಿರುವುದರಿಂದ ಅಯ್ಯೋ ಸ್ವಲ್ಪ ಮುಂಚೆಯೇ ಬರುತ್ತಿತ್ತು. ಸ್ಟೇಷನ್ನಿಗೆ ಹೋಗಿ ತಾನೇ ಹೇಳಿಬಿಡುತ್ತೇನೆ ಎನ್ನುತ್ತಿದ್ದಾರೆ ಎಂದಳು. ಹೋದರೆ ಲೈಸೆನ್ಸು ಹೋಗುತ್ತದೆ, ಬೇಕರಿಯವರು ಆ ದಿನವೇ ಬೀಗದ ಕೈ ಕಿತ್ತುಕೊಳ್ಳುತ್ತಾರೆ, ಜೈಲೋ ಏನೋ. ಹೋಗದಿದ್ದರೆ, ಅಲ್ಲಿ ಯಾರಾದರೂ ಇದ್ದರೆ. ಅವಳು ಮಾತು ಮುಗಿಸಲಿಲ್ಲ. ಅಳಿಯ ಹೊರಗಿನ ಮೆಟ್ಟಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ. ಒಂದು ಲೇಸು ಕಟ್ಟಿ, ಇನ್ನೊಂದನ್ನು ಹಿಡಿದುಕೊಂಡು ಹಾಗೇ ಕೂತಿದ್ದ. ಹೋಗಬೇಡಿ ಎನ್ನಲು ಮಾವನಾದ ತನಗೆ ಯಾವ ಹಕ್ಕು, ಹೋಗಿ ಎನ್ನಲು ಯಾವ ಧೈರ್ಯ. ಆ ಬಿಚ್ಚಿದ ಲೇಸನ್ನು ನೋಡುತ್ತಿದ್ದ ಹಾಗೆ ಅವನಿಗೆ ಸೇತುವೆಯ ಈಚೆ, ಆಚೆ ಎಲ್ಲ ಒಂದೇ ಆಗಿ ಕಂಡಿತು. ಕತ್ತಲೆಯಲ್ಲಿ, ಲಾರಿಯ ಬೆಳಕು ಕಣ್ಣಿಗೆ ಬಡಿದವನಿಗೆ, ಯಾವುದು ಗೋಡೆ ಯಾವುದು ಸೇತುವೆ ಎಂದು ಏನು ಗೊತ್ತು. ಅವನು ಗುಂಡಿ ಬಿಚ್ಚಿ ತೋಳನ್ನು ಮೇಲೆತ್ತಿದ. ಅಂಟಿದ್ದ ಬಟ್ಟೆ ಚರ್ಮದ ಸಮೇತ ಎದ್ದುಬಂತು.

"ಎಲ್ಲೂ ಹೋಗಬೇಡಿ. ಅದು ನಾನೇ."

ಆಮೇಲೆ ನಡೆದದ್ದನ್ನು ಅವನು ದೂರದಿಂದ ನೋಡುವವನ ಹಾಗೆ ನೋಡಿದ. ಅಳಿಯ ಒಂದು ಕಾಲಿನ ಲೇಸು ಎಳೆದುಕೊಂಡೇ ಒಳಗೆ ಬಂದು ಅವನ ಕೈಯನ್ನು ಹಿಡಿದು, ತಿರುಗಿಸಿ, ಗಾಯವನ್ನು ಹತ್ತಿರದಿಂದ ನೋಡಿದ. ನಕ್ಕ. ನಗು ನಿಲ್ಲದೆ ಕೆಮ್ಮು ಬಂತು. ಬಿಸಿನೀರು ತಂದು ತಾನೇ ತೊಳೆದ, ಔಷಧಿ ಹಚ್ಚಿದ, ಉರಿಯುತ್ತಾ ಮಾವ, ಉರಿಯುತ್ತಾ ಎಂದು ಮಗುವನ್ನು ಕೇಳುವ ಹಾಗೆ ಕೇಳಿದ. ಮದುವೆಯಾದ ಮೇಲೆ ಇಬ್ಬರ ಕೈ ಹೀಗೆ ತಾಗಿದ್ದು ಇದೇ ಮೊದಲು. ಮಗಳು ಮಾತ್ರ ನಗಲಿಲ್ಲ. ಅವಳು ಕೋಣೆಗೆ ಹೋಗಿ, ಎಲ್ಲೂ ಹುಡುಕದೆ, ಅವನ ಬಟ್ಟೆಗಳ ಅಡಿಯಿಂದ ದೀಪದ ಪೆಟ್ಟಿಗೆಯನ್ನು ತಂದು ಅವನ ಮುಂದಿಟ್ಟಳು. ಅದು ಎಲ್ಲಿದೆ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ದಿನವೂ ಒಗೆದ ಬಟ್ಟೆ ಇಡುವವಳು ಅವಳೇ.

"ಬೇಡಾಂದ್ರೆ ಬೇಡ ಅನ್ನಬೇಕಿತ್ತು ಅಪ್ಪ. ಜಾಕೀಟು ತಿರುವಿನವರೆಗೆ ಹಾಕ್ಕೊಂಡು ಹೋಗೋ ಆಟ ಯಾಕೆ?" ಎಂದಳು. ಗಂಡನ ಕಡೆ ತಿರುಗಿ, "ನೀವೇನು ನಗ್ತಿದ್ದೀರಿ? ನಿಮಗೆ ಅದು ನಮ್ಮಪ್ಪ ಅಂತ ಗೊತ್ತಾಗಿ ನಗು ಬಂತು. ಬೇರೆಯವರಪ್ಪ ಆಗಿದ್ರೆ? ಇವರು ಕಾಣಿಸಿಕೊಳ್ಳಲ್ಲ, ನೀವು ನಿಂತು ನೋಡಲ್ಲ. ಇಬ್ಬರಿಗೂ ಸೇರಿಸಿ ಚಹಾ ಮಾಡಿಕೊಂಡು ನಾನು ಬಾಗಿಲು ಕಾಯಬೇಕು."

ಅಳಿಯ ಊಟ ಮಾಡದೆ ಮಲಗಿ, ಮಲಗಿದ ತಕ್ಷಣ ನಿದ್ದೆ ಹೋದ. ಗೊರಕೆ ಗೋಡೆಯ ಈಚೆಗೂ ಕೇಳಿಸಿತು. ಅವನು ತನ್ನ ಮಂಚದ ಮೇಲೆ ಕೂತು ಆ ಗೊರಕೆಯನ್ನು ಕೇಳುತ್ತಿದ್ದ. ತಾನು ಕೊಟ್ಟ ನಿದ್ದೆ ಅದು. ಆದರೆ ಎಲ್ಲಿಂದ ತಂದು ಕೊಟ್ಟೆ? ಬೇರೆಯವರಪ್ಪ ಆಗಿದ್ರೆ ಎಂದ ಮಗಳ ಮಾತು ಕೋಣೆಯಲ್ಲೇ ಇತ್ತು. ಸೇತುವೆಯ ಆಚೆಯ ಹುಲ್ಲು ಎತ್ತರ, ಮಲಗಿದರೆ ರಸ್ತೆಯಿಂದ ಕಾಣುವುದಿಲ್ಲ. ಅಲ್ಲಿರುವವನು ತನ್ನ ಹಾಗೆ ಸುಮ್ಮನೆ ಮಲಗಿಲ್ಲದಿರಬಹುದು, ಕೂಗಿರಬಹುದು, ಇದ್ದೀನಿ ಇದ್ದೀನಿ ಎಂದಿರಬಹುದು, ಯಾರೂ ನಿಂತಿರಲಿಕ್ಕಿಲ್ಲ. ಅವನ ಮುಖ ಹೇಗಿರಬಹುದು ಎಂದು ನೋಡಲು ಹೋದರೆ ತನ್ನದೇ ಮುಖ ಬರುತ್ತಿತ್ತು, ತೊಟ್ಟಿಯ ನೀರಿನಲ್ಲಿ ಬೆಳ್ಳಗೆ ಏಳುವ ಫಿಲ್ಮಿನ ಹಾಗೆ, ಕಣ್ಣಿದ್ದ ಕಡೆ ಬರೀ ಗುಳಿ. ಅದು ನಾನೇ ಎಂದು ಹೇಳಿದಾಗ ತಾನು ಯಾರನ್ನು ಉಳಿಸಿದೆ, ಯಾರನ್ನು ಅಲ್ಲೇ ಬಿಟ್ಟೆ. ಪೊಲೀಸರು ಹೋಗಿ ನೋಡುತ್ತಿದ್ದರೋ ಏನೋ. ಈಗ ಯಾರೂ ಹೋಗಿ ನೋಡುವುದಿಲ್ಲ, ಯಾಕೆಂದರೆ ಬಿದ್ದವನು ಮನೆಗೆ ಬಂದಾಯಿತು. ನಾನು ಸುಳ್ಳು ಹೇಳಿದೆ ಎಂದುಕೊಂಡರೆ ಅದೂ ಸುಳ್ಳು. ಬಿದ್ದದ್ದು ನಿಜ, ಬ್ರೆಡ್ಡಿನ ವ್ಯಾನು ಆಗಿರಬಹುದು ಎಂಬುದೂ ನಿಜ. ಇಷ್ಟು ನಿಜಗಳನ್ನು ಸೇರಿಸಿ ಹೇಳಿದ ಮಾತು ಹೇಗೆ ಹೀಗೆ ಸುಳ್ಳಿನಷ್ಟೇ ಭಾರವಾಯಿತು ಎಂದು ಅವನಿಗೆ ಅರ್ಥವಾಗಲಿಲ್ಲ.

ಬಿಸಿಲು ಇಳಿದ ಮೇಲೆ ಅಳಿಯ ಎದ್ದು, ಹಿತ್ತಿಲ ಶೆಡ್ಡಿನಲ್ಲಿ ಸೈಕಲ್ಲಿನ ಮುಂಚಕ್ರವನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಹ್ಯಾಂಡಲ್ಲನ್ನು ನೆಟ್ಟಗೆ ಮಾಡುತ್ತಿದ್ದ. ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಇಲ್ಲದಿದ್ದರೆ ಮಾವ ಹೇಳದೆ ಇರುತ್ತಿದ್ದನೋ ಏನೋ. ಶೆಡ್ಡಿನ ಬಾಗಿಲಲ್ಲಿ ನಿಂತು, ಅಳಿಯನ ಬೆನ್ನಿಗೆ, ನನ್ನನ್ನು ಕೆಡವಿದ ಗಾಡಿ ಸೇತುವೆಯ ಈಚೆ ಇತ್ತು ಎಂದ. ಸಿಳ್ಳೆ ನಿಂತಿತು. ಆ ಗಾಡಿ ನಿಂತಿತ್ತು, ಡ್ರೈವರು ಇಳಿದು ಇದ್ದೀರಾ ಎಂದು ಎರಡು ಸಲ ಕೇಳಿದ, ನಾನೇ ಮಾತಾಡಲಿಲ್ಲ ಎಂದ. ಅಳಿಯ ತಿರುಗಿ ನೋಡಲಿಲ್ಲ.

"ನಾನು ನಿಂತಿದ್ದೆ, ಕೂಗಿದ್ದೆ ಅಂತ ಹೇಳೋಕೆ ನನಗೂ ಆಸೆ ಮಾವ" ಎಂದ. "ಬೆಳಗ್ಗೆಯಿಂದ ನೆನೆಸಿಕೊಂಡು ನೆನೆಸಿಕೊಂಡು, ಒಂದೊಂದು ಸಲ ನಿಂತಿದ್ದೆ ಅಂತಾನೇ ಅನ್ಸುತ್ತೆ. ಇಲ್ಲ. ನಿಂತಿರಲಿಲ್ಲ."

"ಹಾಗಾದ್ರೆ ಹೋಗಿ ನೋಡೋಣ."

"ಈಗ ಹೋದ್ರೆ ಏನು ಸಿಗುತ್ತೆ?"

"ಸಿಗದೇ ಇದ್ರೆ ಒಳ್ಳೇದು."

ಸೈಕಲ್ಲಿನ ಚಕ್ರ ಇನ್ನೂ ಅಲುಗುತ್ತಿತ್ತು. ಸೇತುವೆಯ ಪಕ್ಕ ರಿಪೇರಿ ಮಾಡುವವಳು ಇದ್ದಾಳೆ ಎಂದು ಅದನ್ನೂ ವ್ಯಾನಿನ ಹಿಂದೆ, ಖಾಲಿ ಬ್ರೆಡ್ಡಿನ ಟ್ರೇಗಳ ನಡುವೆ ಮಲಗಿಸಿದರು. ಮಗಳಿಗೆ ರಿಪೇರಿ ಎಂದಷ್ಟೇ ಹೇಳಿದರು. ಗೋದಾಮಿನ ಗೋಡೆ ಹಗಲಿನಲ್ಲಿ ಅವನಿಗೆ ಗುರುತೇ ಸಿಗಲಿಲ್ಲ. ಇಷ್ಟು ಗಿಡ್ಡವೇ, ಇಷ್ಟು ಕೊಳಕೇ ಎನ್ನಿಸಿತು. ಸೇತುವೆ ದಾಟಿ ಇಳಿದು ಹುಲ್ಲಿನಲ್ಲಿ ನಡೆದರು. ಅಳಿಯ ಕೋಲಿನಿಂದ ಹುಲ್ಲನ್ನು ಸರಿಸುತ್ತ ಮುಂದೆ, ಅವನು ಹಿಂದೆ. ಸೀಸೆಗಳು, ಒಡೆದ ಟೈರು, ಮಿಕಿಮಿಕಿ ನೋಡುವ ಒಂದು ಬೆಕ್ಕು. ಒಂದು ಕಡೆ ಹುಲ್ಲು ಅಪ್ಪಚ್ಚಿಯಾಗಿತ್ತು. ಅಲ್ಲಿ ಒಂದು ಕಾಲಿನ ಚಪ್ಪಲಿ. ಅಳಿಯ ಅದನ್ನು ಎತ್ತಿ ತಿರುಗಿಸಿ ನೋಡಿದ, ಅವನೂ ನೋಡಿದ. ಬಣ್ಣ ಮಾಸಿತ್ತು, ಆದರೆ ತೀರ ಹಳೆಯದಲ್ಲ. ಇವತ್ತಿನದೂ ಆಗಬಹುದು, ಕಳೆದ ವರ್ಷದ್ದೂ ಆಗಬಹುದು. ಚಪ್ಪಲಿ ಬಾಯಿ ಬಿಟ್ಟು ಹೇಳುವುದಿಲ್ಲವಲ್ಲ ಎಂದುಕೊಂಡ ಅವನಿಗೆ ಕೂಡಲೇ ತನ್ನ ಮೇಲೆಯೇ ಹೇಸಿಗೆಯಾಯಿತು. ರಿಪೇರಿಯವಳು ಚಕ್ರವನ್ನು ತಿರುಗಿಸಿ ತಂತಿಗಳನ್ನು ಬಿಗಿ ಮಾಡುತ್ತ, ಬೆಳಗ್ಗೆ ಇಲ್ಲಿ ಯಾರಾದರೂ ಬಿದ್ದಿದ್ದರೇ ಎಂಬ ಅವರ ಪ್ರಶ್ನೆಯನ್ನು ಅರ್ಧಕ್ಕೇ ಹಿಡಿದುಕೊಂಡಳು. ಯಾರ ಕಡೆಯವರು ನೀವು, ಬಿದ್ದವರ ಕಡೆಯವರೋ ಬೀಳಿಸಿದವರ ಕಡೆಯವರೋ ಎಂದು ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೀಳೋರು ದಿನಾ ಬೀಳ್ತಾರೆ" ಎಂದಳು ಅವಳೇ. "ಎದ್ದು, ಯಾರಾದ್ರೂ ನೋಡಿದ್ರಾ ಅಂತ ಆ ಕಡೆ ಈ ಕಡೆ ನೋಡಿ, ಮೈ ಕೊಡವಿಕೊಂಡು ಹೋಗ್ತಾರೆ. ಏಳದೇ ಇದ್ದೋರು ಇವತ್ತು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದ್ರೆ ನಾನು ಬರೋ ಹೊತ್ತಿಗೆ ಬೆಳಕಾಗಿತ್ತಪ್ಪ."

ಮರಳುವಾಗ ಕತ್ತಲಾಯಿತು. ಏನೂ ಸಿಗಲಿಲ್ಲ ಎಂಬುದು ಒಳ್ಳೆಯದೋ ಕೆಟ್ಟದ್ದೋ ಎಂದು ಇಬ್ಬರಿಗೂ ತಿಳಿಯಲಿಲ್ಲ. ಗೋದಾಮಿನ ಗೋಡೆಯ ಬಳಿ ಅಳಿಯ ಇದ್ದಕ್ಕಿದ್ದಂತೆ ವ್ಯಾನನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಇಂಜಿನ್ನು ಆರಿಸಿದ. ದೀಪ ಉರಿಯುತ್ತಲೇ ಇತ್ತು. ನನಗೆ ಬೆಳಗ್ಗೆಯಿಂದ ತಲೆ ತಿನ್ನುತ್ತಿರುವುದು ಒಂದೇ, ನೀವಾಗಲಿ ಇನ್ಯಾರೇ ಆಗಲಿ, ಅಷ್ಟು ದೊಡ್ಡ ಮನುಷ್ಯ ನನಗೆ ಯಾಕೆ ಕಾಣಲಿಲ್ಲ ಎಂದ. ನೀವು ನನ್ನ ಜಾಗದಲ್ಲಿ ಕೂತುಕೊಳ್ಳಿ, ನಾನು ಸೈಕಲ್ಲು ತಗೊಂಡು ಮುಂದೆ ಹೋಗ್ತೀನಿ, ನಿಮ್ಮ ಕಣ್ಣಿಗಾದರೂ ಕಾಣಿಸ್ತೀನಾ ನೋಡಿ. ಅವನು ಸ್ಟಿಯರಿಂಗಿನ ಹಿಂದೆ ಸರಿದು ಕೂತ. ಸೀಟು ಅಳಿಯನ ಮೈಯ ಆಕಾರಕ್ಕೆ ತಗ್ಗಾಗಿತ್ತು, ಇನ್ನೂ ಬೆಚ್ಚಗಿತ್ತು. ಅಳಿಯ ಸೈಕಲ್ಲು ತಳ್ಳಿಕೊಂಡು ವ್ಯಾನಿನ ಬೆಳಕಿನಲ್ಲಿ ನಡೆದ, ಕಪ್ಪು ಅಂಗಿ, ಕಪ್ಪು ಪ್ಯಾಂಟು, ತಲೆಯ ಹಿಂದಿನ ಸಣ್ಣ ಬೋಳು. ನಡೆಯುತ್ತ ಗೋಡೆಯ ಕಡೆಗೆ ಸರಿದ. ಆಮೇಲೆ ಇಲ್ಲ. ಎಲ್ಲಿ ಇಲ್ಲವಾದ ಎಂದು ಕೂಡ ಅವನಿಗೆ ಹೇಳಲಾಗಲಿಲ್ಲ. ಗಾಜಿನ ಆಚೆ ಬೆಳಕು ಬಿದ್ದ ರಸ್ತೆಯ ಒಂದು ತುಂಡು, ಅದರಾಚೆ ಗೋಡೆಯಂಥ ಕಪ್ಪು. ಕಣ್ಣನ್ನು ಕತ್ತಲೆಗೆ ಬಿಟ್ಟುಕೊಟ್ಟ. ತಾಳಿದ. ಏನೂ ಬರಲಿಲ್ಲ. ಗಾಜಿನಲ್ಲಿ ತನ್ನದೇ ಮೂಗು, ಮೀಟರಿನ ಹಸಿರು ಬೆಳಕು ಬಿದ್ದ ತನ್ನದೇ ಗದ್ದ ಕಾಣುತ್ತಿದ್ದವು. ಜೀವಮಾನವಿಡೀ ತನ್ನದೆಂದು ತಿಳಿದ ಕಣ್ಣು ಇಲ್ಲಿ ಈ ಸೀಟಿನಲ್ಲಿ ಕೂತ ಕೂಡಲೇ ಯಾರದೋ ಆಗಿಬಿಟ್ಟಿತ್ತು. ಮಗಳ ಗಂಡ ಅಲ್ಲೇ ಎಲ್ಲೋ ಇದ್ದಾನೆ. ಇದ್ದಾನೆ ಎಂದು ಗೊತ್ತು. ಗೊತ್ತಿದ್ದೂ ಕಾಣುವುದಿಲ್ಲ. ಗೊತ್ತೇ ಇಲ್ಲದೆ ಬರುವವನಿಗೆ?

ಆಗ ಬೆಳಕಿನ ಅಂಚಿನಲ್ಲಿ ಒಂದು ಚಕ್ರ ಮೂಡಿತು, ಅದರ ಮೇಲೆ ಕಪ್ಪಗೆ ಒಂದು ಆಕಾರ, ತನ್ನ ಕಡೆಗೇ ಬರುತ್ತಿರುವುದು. ಅವನ ಎದೆ ಹಗುರವಾಯಿತು. ಕಾಣಿಸಿದಿರಿ, ಕಾಣಿಸಿದಿರಿ ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹತ್ತಿರ ಬಂದದ್ದು ಒಬ್ಬ ಹೆಂಗಸು, ಹ್ಯಾಂಡಲ್ಲಿಗೆ ಎರಡು ಚೀಲ ತೂಗುಹಾಕಿಕೊಂಡು ಕೆಲಸದಿಂದ ಮರಳುತ್ತಿದ್ದವಳು. ಅವಳ ಸೈಕಲ್ಲಿಗೂ ದೀಪವಿರಲಿಲ್ಲ. ಮುಖದ ಮುಂದೆ ಕೈ ಅಡ್ಡ ಹಿಡಿದು, "ದೀಪ ಕಣ್ಣಿಗೆ ಹೊಡೀತಿದೆಯಲ್ರೀ, ಎಲ್ಲಿ ತುಳೀಲಿ ನಾನು?" ಎಂದು ವ್ಯಾನಿಗೆ ಉಜ್ಜಿಕೊಂಡ ಹಾಗೆ ದಾಟಿಹೋದಳು. ತಗ್ಗಿಸುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಸ್ಟಿಯರಿಂಗಿನ ಸುತ್ತ ಕೈಗೆ ಸಿಕ್ಕಿದ್ದನ್ನು ತಿರುಗಿಸಿದ. ಒಣಗಿದ ಗಾಜಿನ ಮೇಲೆ ವೈಪರು ಕಿರುಗುಟ್ಟುತ್ತ ಆಡಲು ತೊಡಗಿತು. ಇನ್ನೊಂದನ್ನು ತಿರುಗಿಸಿದ, ಎಲ್ಲ ಕತ್ತಲಾಯಿತು. ವೈಪರು ಮಾತ್ರ ಇಲ್ಲ ಇಲ್ಲ ಎನ್ನುವ ಹಾಗೆ ಆಡುತ್ತಲೇ ಇತ್ತು. ಈಗ ಕಣ್ಣಿಗೆ ಗೋಡೆಯೂ ಇಲ್ಲ, ರಸ್ತೆಯೂ ಇಲ್ಲ. ಆರಿದ ದೀಪದ ಹಸಿರು ಕಲೆಗಳಷ್ಟೇ. ಗೋಡೆಯ ಕೊನೆಯ ತಿರುವಿನ ಕಡೆಯಿಂದ ಯಾವುದೋ ದೊಡ್ಡ ಗಾಡಿ ಬರುವ ಸದ್ದು ಕೇಳಿಸಿತು. ಕತ್ತಲೆಯಲ್ಲಿ ನಿಂತ ವ್ಯಾನು, ಅದರೊಳಗೆ ತಾನು, ಮುಂದೆಲ್ಲೋ ಅಳಿಯ. ಕೈ ಮತ್ತೆ ಗುಂಡಿಗಳ ಮೇಲೆ ಹರಿದಾಡಿತು, ಯಾವುದು ಯಾವುದೆಂದು ತಿಳಿಯಲಿಲ್ಲ. ಬಂದ ಬೆಳಕು ತಿರುವಿನಲ್ಲಿ ತಿರುಗಿ ಗೋಡೆಯನ್ನು ಸವರಿಕೊಂಡು ರಸ್ತೆಗೆ ಬಿತ್ತು, ಆಗ ಅಳಿಯ ಕಾಣಿಸಿದ. ದೂರವಿರಲಿಲ್ಲ. ವ್ಯಾನಿನ ಬೆಳಕು ಮುಗಿದಿದ್ದ ಕಡೆಯಿಂದ ಒಂದು ಸೈಕಲ್ಲಿನಷ್ಟು ಆಚೆ, ಸೈಕಲ್ಲನ್ನು ಗೋಡೆಗೆ ಒರಗಿಸಿ, ರಸ್ತೆಗೆ ಇಳಿದು ಎರಡೂ ಕೈ ತಲೆಯ ಮೇಲೆ ಬೀಸುತ್ತ ನಿಂತಿದ್ದ, ಬರುವವನ ಕಡೆಗೆ, ಮುಖ ಕಾಣದ ಆ ಬೆಳಕಿನ ಕಡೆಗೆ.

ಲಾರಿ ನಿಧಾನವಾಯಿತು. ಅಳಿಯನನ್ನು ಬಳಸಿ, ವ್ಯಾನನ್ನು ಬಳಸಿ ಹೋಯಿತು, ಹೋಗುತ್ತ ಹೋಗುತ್ತ ಯಾರೋ ಮೇಲಿನಿಂದ ಏನೋ ಬೈದರು. ಅಳಿಯ ಓಡಿಬಂದು ಕಿಟಕಿಯ ಅಂಚನ್ನು ಹಿಡಿದ. ಏದುಸಿರು ಬಿಡುತ್ತಿದ್ದ. ದೀಪ ಯಾಕೆ ಆರಿಸಿದಿರಿ ಎಂದು ಕೇಳಲಿಲ್ಲ.

"ನಾನು ಮೊದಲಿಂದಾನೂ ಕೈ ಬೀಸ್ತಾನೇ ಇದ್ದೆ ಮಾವ. ಅಲ್ಲಿಂದ ವ್ಯಾನು ಅಷ್ಟು ಚೆನ್ನಾಗಿ ಕಾಣ್ತಿತ್ತು. ನಿಮಗೂ ನಾನು ಕಾಣಿಸ್ತಿದ್ದೀನಿ ಅಂತಾನೇ ಅಂದ್ಕೊಂಡಿದ್ದೆ."

ಅವನು ಉತ್ತರ ಕೊಡಲು ಹೋದ. ಗಾಯವಾದ ಕೈ ಇನ್ನೂ ತಲೆಯ ಮಟ್ಟಕ್ಕೆ ಎತ್ತಿಯೇ ಇತ್ತು, ಬೆರಳುಗಳು ವ್ಯಾನಿನ ತಗಡಿನ ಚಾವಣಿಗೆ ತಾಗುತ್ತಿದ್ದವು. ಯಾವಾಗ ಎತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ.

"ನಾನೂ ಬೀಸ್ತಾ ಇದ್ದೆ" ಎಂದ.

"ಎಲ್ಲಿ?"

"ಇಲ್ಲೇ. ಒಳಗೆ."